ಕೈಯಲ್ಲಿ ಕಾಸಿತ್ತು, ಆದರೂ ಕೊಳ್ಳಲಿಲ್ಲ



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಇತಿಹಾಸ ನನ್ನ ವಿಷಯವಲ್ಲ. ಆದರೂ ಸಮಾಜ ವಿಜ್ಞಾನದ ಶಿಕ್ಷಕರು ರಜೆಯಲ್ಲಿದ್ದ ಒಂದು ದಿನ ಹತ್ತನೇ ತರಗತಿಯ ಅವರ ಪೀರಿಯಡ್ ನನ್ನ ಪಾಲಿಗೆ ಬಂತು. ಅಂದಿನ ಪಾಠ ಅಸಹಕಾರ ಚಳವಳಿ. ವಿದೇಶಿ ವಸ್ತ್ರ ಬಹಿಷ್ಕಾರದ ಬಗ್ಗೆ ಹೇಳುತ್ತಿದ್ದಾಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಮಿಸ್, ಈ ಸಲ ಈದ್‌ಗೆ ನಮ್ಮ ಮನೆಯಲ್ಲಿ ಹೊಸ ಬಟ್ಟೆ ತಂದಿಲ್ಲ. ಅದೂ ಬಹಿಷ್ಕಾರಾನಾ?"

ತರಗತಿ ನಕ್ಕಿತು. ಆದರೆ ಅವಳು ತಮಾಷೆಗೆ ಕೇಳಿರಲಿಲ್ಲ. ಅವಳ ತಾಯಿ ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಾರೆ. ದುಡ್ಡಿಲ್ಲದೆ ಕೊಳ್ಳದಿರುವುದಕ್ಕೂ ದುಡ್ಡಿದ್ದೂ ಕೊಳ್ಳದಿರುವುದಕ್ಕೂ ಏನು ವ್ಯತ್ಯಾಸ ಎಂಬುದು ಅವಳ ಪ್ರಶ್ನೆ. ಆ ಹೊತ್ತಿಗೆ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಹಾಗಾಗಿ ಕೆಲವು ತಿಂಗಳು ಪುಸ್ತಕಗಳನ್ನು ಹುಡುಕಿ ಓದಿದೆ. ಆ ಓದಿನ ಫಲವನ್ನು ಈ ವಾರ್ಷಿಕ ಸಂಚಿಕೆಯ ಮೂಲಕ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಮಾತು. ಇಂಗ್ಲಿಷಿನ 'ಬಾಯ್ಕಾಟ್' ಎಂಬ ಪದ ಹುಟ್ಟಿದ್ದು 1880ರಲ್ಲಿ. ಐರ್ಲೆಂಡಿನಲ್ಲಿ ಜಮೀನ್ದಾರರೊಬ್ಬರ ಪಾರುಪತ್ಯ ನೋಡಿಕೊಳ್ಳುತ್ತಿದ್ದ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್ ಎಂಬುವನೊಡನೆ ರೈತರು ಎಲ್ಲ ವ್ಯವಹಾರ ನಿಲ್ಲಿಸಿದರು. ಅವನ ಹೆಸರೇ ಆ ಕ್ರಿಯೆಗೆ ಹೆಸರಾಯಿತು. ಆದರೆ ಪದ ಹುಟ್ಟುವ ನೂರು ವರ್ಷ ಮೊದಲೇ ಜನ ಆ ಕೆಲಸ ಮಾಡಿದ್ದರು. ಅವರು ಬಿಟ್ಟದ್ದು ಅನ್ನವನ್ನಲ್ಲ, ನೀರನ್ನಲ್ಲ. ಚಹಾ, ಸಕ್ಕರೆ, ಹೊಗೆಸೊಪ್ಪು, ನಯವಾದ ಬಟ್ಟೆ. ಇವೆಲ್ಲ ಸಾಮಾನ್ಯ ಮನುಷ್ಯನ ಕೈಗೆಟುಕುವ ಸಣ್ಣ ಸುಖಗಳು. ಇವಿಲ್ಲದೆ ಯಾರೂ ಸಾಯುವುದಿಲ್ಲ. ಹಾಗೆಂದು ಬಿಡುವುದೂ ಸುಲಭವಲ್ಲ. ದಿನಕ್ಕೆ ನಾಲ್ಕು ಸಲ ನೆನಪಾಗುವ ವಸ್ತುಗಳಿವು.

ಬೆಲೆ ಇಳಿದರೂ ಬೇಡವಾದ ಚಹಾ

1773ರಲ್ಲಿ ಬ್ರಿಟನ್ನಿನ ಸಂಸತ್ತು ಒಂದು ಕಾಯ್ದೆ ಮಾಡಿತು. ಅದರಿಂದ ಅಮೆರಿಕದ ವಸಾಹತುಗಳಲ್ಲಿ ಚಹಾದ ಬೆಲೆ ಇಳಿಯಬೇಕಿತ್ತು. ಈಸ್ಟ್ ಇಂಡಿಯಾ ಕಂಪನಿಯ ಉಗ್ರಾಣಗಳಲ್ಲಿ ಮಾರಾಟವಾಗದ ಚಹಾ ರಾಶಿಬಿದ್ದಿತ್ತು. ಅದನ್ನು ನೇರವಾಗಿ ಅಮೆರಿಕಕ್ಕೆ ಸಾಗಿಸಲು ಕಂಪನಿಗೆ ಅನುಮತಿ ಸಿಕ್ಕಿತು. ಕಳ್ಳಸಾಗಣೆಯ ಡಚ್ ಚಹಾಕ್ಕಿಂತಲೂ ಇದು ಅಗ್ಗವಾಗುವಂತಿತ್ತು. ಆದರೆ ಪೌಂಡಿಗೆ 3 ಪೆನ್ಸ್ ತೆರಿಗೆಯನ್ನು ಮಾತ್ರ ಹಾಗೆಯೇ ಉಳಿಸಲಾಯಿತು. ಸಂಸತ್ತಿನಲ್ಲಿ ತಮ್ಮ ಪ್ರತಿನಿಧಿಯೇ ಇಲ್ಲದಿರುವಾಗ ತಮ್ಮ ಮೇಲೆ ತೆರಿಗೆ ಹಾಕುವ ಹಕ್ಕು ಅದಕ್ಕಿಲ್ಲ ಎಂಬುದು ಅಲ್ಲಿನ ಜನರ ವಾದವಾಗಿತ್ತು. ಅಗ್ಗದ ಚಹಾ ಕುಡಿದರೆ ಆ ಹಕ್ಕನ್ನು ಒಪ್ಪಿಕೊಂಡಂತೆ. ಹಾಗಾಗಿ ಅವರು ಕುಡಿಯಲಿಲ್ಲ.

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ 342 ಪೆಟ್ಟಿಗೆ ಚಹಾ ಸಮುದ್ರದ ಪಾಲಾದ ಕಥೆ ನಿಮಗೆ ಗೊತ್ತಿರಬಹುದು. ಆದರೆ ಅದಕ್ಕಿಂತ ಹೆಚ್ಚು ಯೋಚಿಸಬೇಕಾದದ್ದು ಮನೆಗಳೊಳಗೆ ನಡೆದ ಸಂಗತಿ. 1774ರ ಅಕ್ಟೋಬರ್‌ನಲ್ಲಿ ಉತ್ತರ ಕೆರೊಲಿನಾದ ಈಡೆಂಟನ್ ಎಂಬ ಊರಿನಲ್ಲಿ 51 ಮಹಿಳೆಯರು ಚಹಾ ಕುಡಿಯುವುದಿಲ್ಲ, ಇಂಗ್ಲೆಂಡಿನ ಬಟ್ಟೆ ಉಡುವುದಿಲ್ಲ ಎಂಬ ಪ್ರತಿಜ್ಞೆಗೆ ಸಹಿ ಹಾಕಿದರು. ಮರುವರ್ಷ ಲಂಡನ್ನಿನಲ್ಲಿ ಅವರನ್ನು ಗೇಲಿ ಮಾಡುವ ವ್ಯಂಗ್ಯಚಿತ್ರ ಅಚ್ಚಾಯಿತು. ಹೆಂಗಸರು ಹೆಸರು ಬರೆದು ಸಹಿ ಹಾಕುವುದೇ ಅಂದು ನಗೆಪಾಟಲಿನ ವಿಷಯವಾಗಿತ್ತು. ಅವರು ಬೇರೆ ಗಿಡಗಳ ಎಲೆಗಳನ್ನು ಒಣಗಿಸಿ ಕುದಿಸಿ ಕುಡಿದರು. ರುಚಿಯಿಲ್ಲದಿದ್ದರೂ ಕುಡಿದರು.

ಈ ಕಥೆಗೂ ನಮ್ಮ ನಾಡಿಗೂ ಒಂದು ನಂಟಿದೆ. ಕಂಪನಿಯ ಬೊಕ್ಕಸ ಬರಿದಾಗಲು ಇದ್ದ ಕಾರಣಗಳಲ್ಲಿ ನಮ್ಮ ಹೈದರಾಲಿಯೂ ಒಬ್ಬ. 1767ರಿಂದ 1769ರವರೆಗಿನ ಮೊದಲ ಮೈಸೂರು ಯುದ್ಧದಲ್ಲಿ ಹೈದರ್ ಮದ್ರಾಸಿನ ಬಾಗಿಲವರೆಗೆ ದಂಡೆತ್ತಿ ಹೋಗಿ, ಇಂಗ್ಲಿಷರು ಒಪ್ಪಂದಕ್ಕೆ ಬರುವಂತೆ ಮಾಡಿದ. ಹೈದರನ ದಾಳಿಯ ಸುದ್ದಿ 1769ರಲ್ಲಿ ಲಂಡನ್ನಿಗೆ ತಲುಪಿದಾಗ ಕಂಪನಿಯ ಷೇರುಗಳ ಬೆಲೆ ಕುಸಿಯಿತು. ಅದರ ಬೆನ್ನಿಗೇ ಬಂಗಾಳದಲ್ಲಿ ಭೀಕರ ಕ್ಷಾಮ ಬಂದು ಲಕ್ಷಾಂತರ ಜನ ಸತ್ತರು. ಸಾಲದಲ್ಲಿ ಮುಳುಗಿದ್ದ ಕಂಪನಿಯನ್ನು ಎತ್ತಿ ನಿಲ್ಲಿಸಲು ಮಾಡಿದ ಏರ್ಪಾಡುಗಳಲ್ಲಿ ಆ ಚಹಾ ಕಾಯ್ದೆಯೂ ಒಂದು. ಮುಂದೆ ಅಮೆರಿಕನ್ನರು ತಮ್ಮ ಒಂದು ಯುದ್ಧನೌಕೆಗೆ 'ಹೈದರ್ ಅಲಿ' ಎಂದೇ ಹೆಸರಿಟ್ಟರು. 1782ರ ಏಪ್ರಿಲ್‌ನಲ್ಲಿ ಆ ನೌಕೆ ತನಗಿಂತ ಬಲವಾದ ಬ್ರಿಟಿಷ್ ಹಡಗೊಂದನ್ನು ಸೆರೆಹಿಡಿಯಿತು.

ಆದರೆ ಒಂದು ಸತ್ಯವನ್ನು ಮರೆಮಾಚಬಾರದು. ಸ್ವಾತಂತ್ರ್ಯಕ್ಕಾಗಿ ಚಹಾ ಬಿಟ್ಟ ಆ ವಸಾಹತುಗಳಲ್ಲಿ ಆಫ್ರಿಕಾದಿಂದ ತಂದ ಗುಲಾಮರೂ ಇದ್ದರು. ಅವರ ಸ್ವಾತಂತ್ರ್ಯದ ಮಾತು ಅಂದಿನ ಪ್ರತಿಜ್ಞೆಯಲ್ಲಿರಲಿಲ್ಲ.

ಸಕ್ಕರೆಯ ಕಹಿ

ನಮ್ಮ 'ಸಕ್ಕರೆ' ಪ್ರಪಂಚ ಸುತ್ತಿದ ಪದ. ಸಂಸ್ಕೃತದ ಶರ್ಕರಾ ಪಾರ್ಸಿಯಲ್ಲಿ ಶಕರ್ ಆಯಿತು, ಅರಬ್ಬಿಯಲ್ಲಿ ಸುಕ್ಕರ್ ಆಯಿತು, ಕೊನೆಗೆ ಇಂಗ್ಲಿಷಿನಲ್ಲಿ ಶುಗರ್ ಆಯಿತು. ಒಂದು ಕಾಲದಲ್ಲಿ ಯುರೋಪಿನಲ್ಲಿ ಅದು ರಾಜಮಹಾರಾಜರ ಪದಾರ್ಥ. ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಕಬ್ಬಿನ ತೋಟಗಳು ಹರಡಿದ ಮೇಲೆ ಅದು ಬಡವರ ಲೋಟಕ್ಕೂ ಇಳಿಯಿತು. 1700ರಲ್ಲಿ ಬ್ರಿಟನ್ನಿನಲ್ಲಿ ಒಬ್ಬ ಮನುಷ್ಯ ವರ್ಷಕ್ಕೆ ಸುಮಾರು 4 ಪೌಂಡ್ ಸಕ್ಕರೆ ತಿನ್ನುತ್ತಿದ್ದರೆ 1800ರ ವೇಳೆಗೆ ಅದು ಸುಮಾರು 18 ಪೌಂಡಿಗೆ ಏರಿತು. ಈ ಅಗ್ಗದ ಸಿಹಿಯ ಬೆಲೆಯನ್ನು ತೆತ್ತವರು ಆಫ್ರಿಕಾದಿಂದ ಸರಪಳಿ ಬಿಗಿದು ತಂದ ಗುಲಾಮರು.

1791ರ ಏಪ್ರಿಲ್‌ನಲ್ಲಿ ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ವಿಲಿಯಂ ವಿಲ್ಬರ್‌ಫೋರ್ಸ್ ಸಂಸತ್ತಿನಲ್ಲಿ ಮಂಡಿಸಿದ ಸೂಚನೆ 88ಕ್ಕೆ 163 ಮತಗಳಿಂದ ಬಿದ್ದುಹೋಯಿತು. ಅಂದು ಬ್ರಿಟನ್ನಿನಲ್ಲಿ ಬಹುಪಾಲು ಗಂಡಸರಿಗೆ ಮತದಾನದ ಹಕ್ಕಿರಲಿಲ್ಲ, ಹೆಂಗಸರಿಗಂತೂ ಇರಲೇ ಇಲ್ಲ. ಸಂಸತ್ತು ಬಾಗಿಲು ಮುಚ್ಚಿದಾಗ ಜನ ಏನು ಮಾಡಬೇಕು? ಅದೇ ವರ್ಷ ವಿಲಿಯಂ ಫಾಕ್ಸ್ ಎಂಬಾತ ಒಂದು ಚಿಕ್ಕ ಪುಸ್ತಿಕೆ ಹೊರತಂದ. ಸಕ್ಕರೆ ಕೊಳ್ಳುವವನೂ ಗುಲಾಮಗಿರಿಯಲ್ಲಿ ಪಾಲುದಾರ ಎಂಬುದು ಅದರ ತಿರುಳು. ಅವನು ಗಣಿತದ ಮೇಷ್ಟರಂತೆ ಲೆಕ್ಕವನ್ನೂ ಕೊಟ್ಟ. ವಾರಕ್ಕೆ 5 ಪೌಂಡ್ ಸಕ್ಕರೆಯನ್ನೂ ಅದಕ್ಕೆ ತಕ್ಕಷ್ಟು ರಮ್ಮನ್ನೂ ಬಳಸುವ ಒಂದು ಕುಟುಂಬ 21 ತಿಂಗಳು ಅವನ್ನು ಬಿಟ್ಟರೆ ಒಬ್ಬ ಮನುಷ್ಯ ಗುಲಾಮನಾಗುವುದು ಅಥವಾ ಕೊಲೆಯಾಗುವುದು ತಪ್ಪುತ್ತದೆ ಎಂದ. ಲೆಕ್ಕ ಎಷ್ಟು ನಿಖರ ಎಂಬುದು ಬೇರೆ ಮಾತು. ದೂರದ ಅನ್ಯಾಯವನ್ನು ಅವನು ಅಡಿಗೆಮನೆಯ ಡಬ್ಬಿಗೆ ತಂದು ಜೋಡಿಸಿದ್ದು ಮುಖ್ಯ. ಕೆಲವೇ ತಿಂಗಳಲ್ಲಿ ಆ ಪುಸ್ತಿಕೆಯ ಸುಮಾರು 70,000 ಪ್ರತಿಗಳು ಹಂಚಿಹೋದವು.

ಗುಲಾಮನಾಗಿ ದುಡಿದು, 1766ರಲ್ಲಿ ತನ್ನ ಬಿಡುಗಡೆಯನ್ನು ತಾನೇ ಹಣ ಕೊಟ್ಟು ಕೊಂಡುಕೊಂಡ ಒಲಾಡಾ ಇಕ್ವಿಯಾನೊ 1789ರಲ್ಲಿ ತನ್ನ ಆತ್ಮಕಥೆ ಪ್ರಕಟಿಸಿದ್ದ. ಅದನ್ನು ಓದಿದವರಿಗೆ ಸಕ್ಕರೆ ಮೊದಲಿನಂತೆ ಕಾಣಲಿಲ್ಲ. ಊರೂರು ಸುತ್ತುತ್ತಿದ್ದ ಥಾಮಸ್ ಕ್ಲಾರ್ಕ್‌ಸನ್ ಸುಮಾರು 3 ಲಕ್ಷ ಜನ ಸಕ್ಕರೆ ಬಿಟ್ಟಿದ್ದಾರೆಂದು ಅಂದಾಜು ಮಾಡಿದ. ಹೇವರ್‌ಹಿಲ್ ಎಂಬ ಊರಿನ ಜೇಮ್ಸ್ ರೈಟ್ ಎಂಬ ವರ್ತಕ 1792ರಲ್ಲಿ ಪತ್ರಿಕೆಯಲ್ಲೇ ಪ್ರಕಟಣೆ ಕೊಟ್ಟು, ಗುಲಾಮರ ಬೆವರಿಲ್ಲದ ಸಕ್ಕರೆ ಸಿಗುವವರೆಗೆ ತಾನು ಸಕ್ಕರೆ ಮಾರುವುದಿಲ್ಲವೆಂದ. ಗಿರಾಕಿ ಬಿಡುವುದು ಒಂದು ಬಗೆ, ಅಂಗಡಿಯವನೇ ಬಿಡುವುದು ಇನ್ನೊಂದು ಬಗೆ. ಅಂಗಡಿ ಇಟ್ಟಿರುವ ನಮ್ಮ ಸದಸ್ಯರು ಇದನ್ನು ಗಮನಿಸಬೇಕು.

ಫ್ರಾನ್ಸಿನೊಡನೆ ಯುದ್ಧ ಶುರುವಾದ ಮೇಲೆ ಈ ಉತ್ಸಾಹ ಆರಿತು. ಗುಲಾಮರ ವ್ಯಾಪಾರ 1807ರಲ್ಲಿ ಕಾನೂನಿನಿಂದ ನಿಂತಿತು, ಆದರೆ ಗುಲಾಮಗಿರಿ ಉಳಿಯಿತು. 1824ರಲ್ಲಿ ಲೆಸ್ಟರ್ ಪಟ್ಟಣದ ಎಲಿಜಬೆತ್ ಹೇರಿಕ್ ಎಂಬ ಮಹಿಳೆ ಗುಲಾಮಗಿರಿ ಹಂತಹಂತವಾಗಿ ಅಲ್ಲ, ಈಗಲೇ ಹೋಗಬೇಕು ಎಂದು ಬರೆದಳು. ದೊಡ್ಡ ನಾಯಕರು ನಿಧಾನವಾಗಲಿ ಎನ್ನುತ್ತಿದ್ದ ಕಾಲವದು. ಹೆಂಗಸರು ಮನೆಮನೆಗೆ ಹೋಗಿ ಸಕ್ಕರೆಯ ಬಗ್ಗೆ ಮಾತಾಡಿದರು. ಇದು ಗುಲಾಮರು ಮಾಡಿದ ಸಕ್ಕರೆಯಲ್ಲ, ಈಸ್ಟ್ ಇಂಡಿಯಾದ ಸಕ್ಕರೆ ಎಂದು ಬರೆದ ಪಿಂಗಾಣಿ ಬಟ್ಟಲುಗಳು ಚಹಾದ ಮೇಜಿನ ಮೇಲೆ ಬಂದವು. ಬಂದ ಅತಿಥಿ ಕೇಳದಿದ್ದರೂ ಬಟ್ಟಲೇ ಹೇಳುತ್ತಿತ್ತು.

ಆ ಸಕ್ಕರೆ ಹೋಗುತ್ತಿದ್ದದ್ದು ನಮ್ಮ ಭಾರತದಿಂದ. ಇಲ್ಲಿಯೂ ಜೀತವಿತ್ತು, ಗುಲಾಮಗಿರಿಯಿತ್ತು. 1833ರ ಗುಲಾಮಗಿರಿ ನಿರ್ಮೂಲನಾ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಟ್ಟಿತು. ಇಲ್ಲಿ ಪ್ರತ್ಯೇಕ ಕಾಯ್ದೆ ಬಂದದ್ದು 1843ರಲ್ಲಿ. ಬಿಡುಗಡೆಯ ವೇಳೆ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಕೊಟ್ಟದ್ದು ದುಡಿದವರಿಗಲ್ಲ, ಮಾಲೀಕರಿಗೆ. ಸುಮಾರು 8 ಲಕ್ಷ ಗುಲಾಮರಿಗೆ ಒಂದು ಕಾಸೂ ಸಿಗಲಿಲ್ಲ. ಅವರು ಬಿಟ್ಟ ತೋಟಗಳಿಗೆ ಕರಾರು ಕೂಲಿಗಳಾಗಿ ಹೋದವರು ಭಾರತೀಯರು. 1834ರಲ್ಲಿ ಮಾರಿಷಸ್‌ಗೆ, 1838ರಲ್ಲಿ ಗಯಾನಾಗೆ ಹಡಗುಗಳು ಹೊರಟವು. ಕಬ್ಬು ಕಡಿಯುವ ಕೈ ಬದಲಾಯಿತು, ಕಷ್ಟ ಮುಗಿಯಲಿಲ್ಲ.

ಆರಿಹೋದ ಹುಕ್ಕಾಗಳು

ಇನ್ನು ಇರಾನಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಹೊಗೆಸೊಪ್ಪು ಎಲ್ಲರ ಬದುಕಿನಲ್ಲಿತ್ತು. ಅರಮನೆಯಿಂದ ಹಿಡಿದು ದಾರಿಬದಿಯ ಚಹಾ ಅಂಗಡಿಯವರೆಗೆ, ಗಂಡಸರು ಹೆಂಗಸರೆನ್ನದೆ ಹುಕ್ಕಾ ಸೇದುತ್ತಿದ್ದರು. 1890ರ ಮಾರ್ಚ್‌ನಲ್ಲಿ ನಾಸಿರುದ್ದೀನ್ ಷಾ ಮೇಜರ್ ಟಾಲ್ಬಟ್ ಎಂಬ ಬ್ರಿಟಿಷನಿಗೆ ದೇಶದ ಹೊಗೆಸೊಪ್ಪಿನ ಕೊಳ್ಳುವಿಕೆ, ಮಾರಾಟ, ರಫ್ತು ಎಲ್ಲದರ ಏಕಸ್ವಾಮ್ಯವನ್ನು 50 ವರ್ಷಗಳಿಗೆ ಬರೆದುಕೊಟ್ಟ. ಬದಲಿಗೆ ಷಾನಿಗೆ ವರ್ಷಕ್ಕೆ 15,000 ಪೌಂಡ್, ಜೊತೆಗೆ ಲಾಭದಲ್ಲಿ ಕಾಲು ಪಾಲು. ತಾನು ಬೆಳೆದ ಎಲೆಯನ್ನು ರೈತ ಆ ಕಂಪನಿಗೇ ಮಾರಬೇಕು. ತನ್ನ ನೆರೆಮನೆಯವ ಬೆಳೆದ ಎಲೆಯನ್ನು ಸೇದುವವನು ಆ ಕಂಪನಿಯಿಂದಲೇ ಕೊಳ್ಳಬೇಕು.

ಮೊದಮೊದಲು ಒಪ್ಪಂದ ಗುಟ್ಟಾಗಿತ್ತು. ಇಸ್ತಾಂಬುಲ್‌ನಿಂದ ಹೊರಡುತ್ತಿದ್ದ 'ಅಖ್ತರ್' ಎಂಬ ಪಾರ್ಸಿ ಪತ್ರಿಕೆ ಅದನ್ನು ಟೀಕಿಸಿ ಬರೆಯಿತು. 1891ರಲ್ಲಿ ಕಂಪನಿಯ ನೌಕರರು ಬಂದಿಳಿಯುತ್ತಿದ್ದಂತೆ ಶಿರಾಜ್, ತಬ್ರೀಜ್, ಮಷ್ಹದ್, ಇಸ್ಫಹಾನ್ ನಗರಗಳಲ್ಲಿ ವರ್ತಕರೂ ಉಲಮಾಗಳೂ ಜನರೂ ಪ್ರತಿಭಟಿಸಿದರು. ಸಯ್ಯಿದ್ ಜಮಾಲುದ್ದೀನ್ ಅಫ್ಘಾನಿಯವರ ಹೆಸರು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. 1880ರ ಆಸುಪಾಸಿನಲ್ಲಿ ಅವರು ನಮ್ಮ ನೆರೆಯ ಹೈದರಾಬಾದಿನಲ್ಲಿ ಇದ್ದವರು. ಇರಾನಿನಿಂದ ಗಡೀಪಾರಾದ ಅವರು, ಸಾಮರ್ರಾದಲ್ಲಿದ್ದ ಹಿರಿಯ ವಿದ್ವಾಂಸ ಮಿರ್ಜಾ ಹಸನ್ ಶಿರಾಜಿಯವರಿಗೆ ಪತ್ರ ಬರೆದು ಮೌನ ಮುರಿಯುವಂತೆ ಕೋರಿದರು.

1891ರ ಡಿಸೆಂಬರ್‌ನಲ್ಲಿ ಶಿರಾಜಿಯವರ ಹೆಸರಿನ ಫತ್ವಾ ಹೊರಬಿತ್ತು. ಯಾವ ರೂಪದಲ್ಲೇ ಆಗಲಿ ಈಗ ಹೊಗೆಸೊಪ್ಪು ಬಳಸುವುದು ನಿಷಿದ್ಧ ಎಂಬುದು ಅದರ ಸಾರಾಂಶ. ಕೆಲವೇ ಸಾಲುಗಳು. ಕೈಬರಹದ ಪ್ರತಿಗಳೂ ತಂತಿಯೂ ಅದನ್ನು ಊರಿಂದೂರಿಗೆ ಒಯ್ದವು. ಅಂಗಡಿಗಳು ಮುಚ್ಚಿದವು, ಹುಕ್ಕಾಗಳು ಮೂಲೆ ಸೇರಿದವು. ಷಾನ ಅಂತಃಪುರದಲ್ಲೂ ಹೆಂಗಸರು ಹುಕ್ಕಾ ಬಿಟ್ಟರು, ಸೇವಕರು ಅದನ್ನು ತಯಾರಿಸಲು ಒಪ್ಪಲಿಲ್ಲ ಎನ್ನುತ್ತವೆ ಅಂದಿನ ವರದಿಗಳು. 1892ರ ಜನವರಿಯಲ್ಲಿ ತೆಹರಾನಿನ ಅರಮನೆಯ ಮುಂದೆ ಸೇರಿದ ಜನರ ಮೇಲೆ ಗುಂಡು ಹಾರಿತು, ಸಾವುಗಳಾದವು. ಕೊನೆಗೆ ಷಾ ಇಡೀ ಒಪ್ಪಂದವನ್ನು ರದ್ದುಮಾಡಿದ. ಅದು ಖಚಿತವಾದ ಮೇಲೆ ಆ ತಿಂಗಳ ಕೊನೆಯಲ್ಲಿ ನಿಷೇಧ ತೆರವಾಯಿತು.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಅವರು ಹೊಗೆಸೊಪ್ಪು ಆರೋಗ್ಯಕ್ಕೆ ಕೆಟ್ಟದ್ದೆಂದು ಬಿಡಲಿಲ್ಲ. ಬೆಲೆ ಕೈಗೆಟುಕದೆಂದೂ ಬಿಡಲಿಲ್ಲ. ತಮ್ಮದೇ ವಸ್ತು ತಮ್ಮ ಕೈತಪ್ಪಿತೆಂದು ಬಿಟ್ಟರು. ಕೈಗೆ ಮರಳಿದೊಡನೆ ಮತ್ತೆ ಸೇದಿದರು. ಎಲ್ಲಿ ಶುರುಮಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಅವರಿಗೆ ಸ್ಪಷ್ಟವಿತ್ತು.

ಆದರೆ ಗೆಲುವಿಗೂ ಬೆಲೆ ಇತ್ತು. ಕಂಪನಿಗೆ ಪರಿಹಾರವಾಗಿ 5 ಲಕ್ಷ ಪೌಂಡ್ ಕೊಡಬೇಕಾಯಿತು. ಅದನ್ನು ಬ್ರಿಟಿಷರ ಒಡೆತನದ ಬ್ಯಾಂಕಿನಿಂದಲೇ ಸಾಲ ತರಲಾಯಿತು. ಇರಾನಿನ ವಿದೇಶಿ ಸಾಲದ ಕಥೆ ಶುರುವಾಗುವುದು ಅಲ್ಲಿಂದ. ಇನ್ನೊಂದೆಡೆ, ದೊರೆಗೆ ಒಟ್ಟಾಗಿ 'ಇಲ್ಲ' ಎನ್ನಬಹುದೆಂದು ಕಲಿತ ಜನ 1906ರಲ್ಲಿ ಸಂವಿಧಾನವನ್ನೂ ಮಜ್ಲಿಸನ್ನೂ ಪಡೆದರು.

ಬೆಂಕಿಗೆ ಬಿದ್ದ ಬಟ್ಟೆ

ಈಗ ನಮ್ಮ ಪಠ್ಯಪುಸ್ತಕದ ಪಾಠಕ್ಕೆ ಹಿಂತಿರುಗೋಣ. ಅಸಹಕಾರ ಚಳವಳಿಯನ್ನು ಉರ್ದುವಿನಲ್ಲಿ 'ತರ್ಕ್-ಎ-ಮವಾಲಾತ್' ಎಂದರು. 'ತರ್ಕ್' ಎಂದರೆ ಬಿಡುವುದು, ತೊರೆಯುವುದು. 1920ರ ಆಗಸ್ಟ್‌ನಲ್ಲಿ ಗಾಂಧೀಜಿಯವರೂ ಮೌಲಾನಾ ಶೌಕತ್ ಅಲಿಯವರೂ ಜೊತೆಯಾಗಿ ಮಂಗಳೂರು, ಬೆಂಗಳೂರುಗಳಿಗೆ ಬಂದು ಇದೇ ಸಂದೇಶ ಸಾರಿದರು. 1921ರ ಜುಲೈ 31ರಂದು ಮುಂಬಯಿಯ ಪರೇಲ್‌ನಲ್ಲಿ, ಗಿರಣಿ ಮಾಲೀಕ ಉಮರ್ ಸೋಬಾನಿಯವರ ಆವರಣದಲ್ಲಿ, ವಿದೇಶಿ ಬಟ್ಟೆಗಳ ದೊಡ್ಡ ರಾಶಿಗೆ ಗಾಂಧೀಜಿ ಬೆಂಕಿಯಿಟ್ಟರು.

ಅಲಿ ಸಹೋದರರಲ್ಲಿ ಕಿರಿಯರಾದ ಮೌಲಾನಾ ಮುಹಮ್ಮದ್ ಅಲಿ ಆಕ್ಸ್‌ಫರ್ಡಿನಲ್ಲಿ ಓದಿದವರು. ಒಂದು ಕಾಲದಲ್ಲಿ ಅಂದವಾದ ಇಂಗ್ಲಿಷ್ ಸೂಟುಗಳನ್ನು ತೊಡುತ್ತಿದ್ದವರು. ಅವರು ಖಾದಿಗೆ ಬಂದರು. ಅವರ ತಾಯಿ ಆಬಾದಿ ಬಾನೊ ಬೇಗಂ, ಜನರ ಪ್ರೀತಿಯ 'ಬಿ ಅಮ್ಮಾ', ಎಳೆ ವಯಸ್ಸಿನಲ್ಲೇ ವಿಧವೆಯಾಗಿ ಮಕ್ಕಳನ್ನು ಓದಿಸಿದವರು. ಮಕ್ಕಳು ಜೈಲಿನಲ್ಲಿದ್ದಾಗ ಮುದಿ ವಯಸ್ಸಿನಲ್ಲಿ ಊರೂರು ತಿರುಗಿ ಹೆಂಗಸರಿಗೆ ಖಾದಿ ತೊಡಲು ಹೇಳಿದರು. 1924ರಲ್ಲಿ ತೀರಿಕೊಂಡರು.

ಫಲವೇನಾಯಿತು? 1920-21ರಲ್ಲಿ 102 ಕೋಟಿ ರೂಪಾಯಿಯಷ್ಟಿದ್ದ ವಿದೇಶಿ ಬಟ್ಟೆಯ ಆಮದು 1921-22ರಲ್ಲಿ 57 ಕೋಟಿಗೆ ಇಳಿಯಿತು. ಒಂದೇ ವರ್ಷದಲ್ಲಿ ಹೆಚ್ಚುಕಡಿಮೆ ಅರ್ಧ.

ಆದರೆ ಮುಂದೆ ಚಳವಳಿ ನಿಧಾನವಾಯಿತು. ಅದಕ್ಕೆ ಒಂದು ಕಾರಣ ನಮ್ಮ ಹುಡುಗಿಯ ಪ್ರಶ್ನೆಗೆ ಬಹಳ ಹತ್ತಿರದ್ದು. ಗಿರಣಿ ಬಟ್ಟೆಗಿಂತ ಖಾದಿ ದುಬಾರಿಯಾಗಿತ್ತು. ಬಡವರಿಗೆ ಅದನ್ನು ಕೊಳ್ಳುವ ಶಕ್ತಿ ಇರಲಿಲ್ಲ. ಮೈಮುಚ್ಚಲು ಬಟ್ಟೆಯಿಲ್ಲದವರ ನಾಡಿನಲ್ಲಿ ಬಟ್ಟೆ ಸುಡುವುದು ಸರಿಯೇ ಎಂದು ರವೀಂದ್ರನಾಥ ಠಾಕೂರರು 1921ರಲ್ಲೇ ಆಕ್ಷೇಪಿಸಿದ್ದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಮಧುರೆಯಲ್ಲಿ ಗಾಂಧೀಜಿ ತಮ್ಮ ಉಡುಪನ್ನು ತುಂಡುಪಂಚೆಗೆ ಇಳಿಸಿದರು. ಪೂರ್ತಿ ಖಾದಿ ಉಡಲು ಕೈಲಾಗದವನೂ ಒಂದು ತುಂಡು ಉಡಬಹುದು ಎಂಬುದು ಅದರ ಹಿಂದಿದ್ದ ಯೋಚನೆ.

ಇತಿಹಾಸ ಕಲಿಸುವ ಪಾಠ

ಪ್ರಿಯ ವಿದ್ಯಾರ್ಥಿಗಳೇ, ಈ ನಾಲ್ಕು ಪ್ರಸಂಗಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಕೆಲವು ಸಂಗತಿಗಳು ಕಾಣುತ್ತವೆ.

ಮೊದಲನೆಯದಾಗಿ, ಬಿಟ್ಟವರಿಗೆ ಏಕೆ ಬಿಟ್ಟೆವೆಂದು ಒಂದು ವಾಕ್ಯದಲ್ಲಿ ಹೇಳಲು ಬರುತ್ತಿತ್ತು. ಕಾರಣ ಗೊತ್ತಿಲ್ಲದ ತ್ಯಾಗ ಒಂದು ವಾರವೂ ಬಾಳುವುದಿಲ್ಲ.

ಎರಡನೆಯದಾಗಿ, ಬಿಟ್ಟದ್ದರ ಬದಲಿಗೆ ಏನಾದರೊಂದು ಇತ್ತು. ಚಹಾಕ್ಕೆ ಬದಲು ಬೇರೆ ಎಲೆಗಳು, ವೆಸ್ಟ್ ಇಂಡೀಸ್ ಸಕ್ಕರೆಗೆ ಬದಲು ಭಾರತದ ಸಕ್ಕರೆ, ಮ್ಯಾಂಚೆಸ್ಟರ್ ಬಟ್ಟೆಗೆ ಬದಲು ಚರಕ. ಆ ಬದಲಿ ಬಡವರಿಗೆ ಎಟುಕದಾದಾಗ ಚಳವಳಿ ಸೋತಿತು. ಬದಲಿಯೇ ಇಲ್ಲದೆ ನಡೆದದ್ದು ಇರಾನಿನದು ಮಾತ್ರ. ಅದು ಕೆಲವೇ ವಾರಗಳಲ್ಲಿ ಮುಗಿಯಿತು ಎಂಬುದನ್ನೂ ನೆನಪಿಡಬೇಕು.

ಮೂರನೆಯದಾಗಿ, ನಾಲ್ಕೂ ಕಡೆ ಮನೆಯ ಹೆಂಗಸರಿಲ್ಲದೆ ಏನೂ ನಡೆಯುತ್ತಿರಲಿಲ್ಲ. ಸಂಸತ್ತು, ದರ್ಬಾರುಗಳಲ್ಲಿ ಅವರಿಗೆ ಜಾಗವಿರಲಿಲ್ಲ. ಆದರೆ ಮನೆಗೆ ಏನು ಬರಬೇಕು, ಏನು ಬರಬಾರದು ಎಂಬುದು ಅವರ ಕೈಯಲ್ಲಿತ್ತು.

ನಾಲ್ಕನೆಯದು ಕಷ್ಟದ ಪಾಠ. ಬಿಟ್ಟವರ ಹೆಸರು ಇತಿಹಾಸದಲ್ಲಿ ಉಳಿಯುತ್ತದೆ, ಅದರ ಹೊರೆ ಹೊತ್ತವರ ಹೆಸರು ಎಷ್ಟೋ ಸಲ ಉಳಿಯುವುದಿಲ್ಲ. ಇರಾನಿನ ಪ್ರಸಂಗವನ್ನು ತರಗತಿಯಲ್ಲಿ ಹೇಳಿದ ದಿನ ಅದೇ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು: "ಮಿಸ್, ಎಲ್ಲರೂ ಬೀಡಿ ಬಿಟ್ಟುಬಿಟ್ಟರೆ ನಮ್ಮ ಅಮ್ಮಿ ಏನು ಮಾಡೋದು?"

ಈ ಸಲ ಯಾರೂ ನಗಲಿಲ್ಲ. ತರಗತಿಯಲ್ಲಿ ಇನ್ನೂ ಹಲವರ ತಾಯಂದಿರು ಬೀಡಿ ಕಟ್ಟುವವರೇ. ಬೀಡಿ ಆರೋಗ್ಯಕ್ಕೆ ಹಾನಿಕರ, ಸೇದುವವರಿಗೂ ದಿನವಿಡೀ ಹೊಗೆಸೊಪ್ಪಿನ ಧೂಳು ಕುಡಿಯುತ್ತ ಕಟ್ಟುವವರಿಗೂ. ಅದು ನಿಲ್ಲಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ನಿಲ್ಲುವ ದಿನ ಆ ಮೊರದ ಮುಂದೆ ಕೂತ ತಾಯಿಗೆ ಬೇರೆ ಕೆಲಸ ಇರಬೇಕು. ಇರಾನಿನಲ್ಲಿ ಹೊಗೆಸೊಪ್ಪಿನ ವರ್ತಕರೇ ಚಳವಳಿಯ ಮುಂದಿದ್ದರು. ನಷ್ಟ ಯಾರದೋ ಅವರೇ ತೀರ್ಮಾನ ಮಾಡಿದ್ದರು. ಬ್ರಿಟನ್ನಿನಲ್ಲಾದರೋ ಬಿಡುಗಡೆಯಾದ ಗುಲಾಮನನ್ನು ನಿನಗೇನು ಬೇಕು ಎಂದು ಯಾರೂ ಕೇಳಲಿಲ್ಲ. ನಾವು ಏನನ್ನಾದರೂ ಬಿಡುವಾಗ ಈ ಎರಡರಲ್ಲಿ ಯಾವ ದಾರಿ ಹಿಡಿಯುತ್ತೇವೆ ಎಂದು ಕೇಳಿಕೊಳ್ಳಬೇಕು. ಅವಳಿಗೆ ನಾನು ಹೇಳಿದ್ದು ಇಷ್ಟೇ: "ನೀನು ಓದಿ ಒಂದು ಕೆಲಸಕ್ಕೆ ಸೇರು. ಆಮೇಲೆ ಅಮ್ಮಿ ಬೀಡಿ ಬಿಡಲಿ." ಇದು ಪೂರ್ತಿ ಉತ್ತರವಲ್ಲ ಎಂದು ನನಗೆ ಗೊತ್ತು. ಒಬ್ಬಳ ಮನೆಗೆ ಸಾಕಾಗುವ ಉತ್ತರ ಒಂದು ಕೇರಿಗೆ ಸಾಕಾಗುವುದಿಲ್ಲ. ಆ ಕೇರಿಯ ಲೆಕ್ಕವನ್ನು ನಮ್ಮಂಥ ಸಂಘ ಸಂಸ್ಥೆಗಳು ಹಾಕಬೇಕು.

ಒಂದು ನೋಟ್‌ಬುಕ್

ಈಗ ಅವಳ ಮೊದಲ ಪ್ರಶ್ನೆ. ದುಡ್ಡಿಲ್ಲದೆ ಕೊಳ್ಳದಿರುವುದೂ ಬಹಿಷ್ಕಾರವೇ? ಅಲ್ಲ. ಅದು ಬಡತನ. ಬಡತನಕ್ಕೆ ತ್ಯಾಗವೆಂದು ಚೆಂದದ ಹೆಸರಿಟ್ಟು ಮಕ್ಕಳನ್ನು ಸುಮ್ಮನಾಗಿಸುವುದು ಅನ್ಯಾಯ. ಹಬ್ಬಕ್ಕೆ ಹೊಸ ಬಟ್ಟೆ ಬೇಕೆನ್ನುವ ಮಗುವಿಗೆ ಗಾಂಧೀಜಿಯ ಉದಾಹರಣೆ ಕೊಡುವ ಹಕ್ಕು ಬೀರುವಿನಲ್ಲಿ ಹತ್ತು ಜೊತೆ ಬಟ್ಟೆ ಇಟ್ಟುಕೊಂಡವರಿಗಿಲ್ಲ. ಆಯ್ಕೆ ಇದ್ದವರು ಬಿಟ್ಟಾಗ ಮಾತ್ರ ಅದು ಬಿಟ್ಟ ಹಾಗೆ.

ಹಾಗಾದರೆ ಬಡವರಿಗೆ ಆಯ್ಕೆಯೇ ಇಲ್ಲವೇ? ಇದನ್ನು ತಿಳಿಯಲು ನಾನು ತರಗತಿಯಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದೆ. ಒಂದು ತಿಂಗಳು ಪ್ರತಿಯೊಬ್ಬರೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮೂರು ಕಾಲಂ ಹಾಕಬೇಕು: ಕೊಳ್ಳದ ವಸ್ತು, ಅದರ ಬೆಲೆ, ಕೊಳ್ಳದಿರಲು ಕಾರಣ. ಸುಳ್ಳು ಬರೆಯಬಾರದು. ಅಂಕ ಇಲ್ಲ.

ತಿಂಗಳ ಕೊನೆಯಲ್ಲಿ ಪುಸ್ತಕಗಳನ್ನು ತರಿಸಿ ನೋಡಿದೆ. ಬಹುಪಾಲು ಸಾಲುಗಳಲ್ಲಿ ಕಾರಣ ಒಂದೇ: ದುಡ್ಡಿರಲಿಲ್ಲ. ಕೆಲವರು 'ಅಬ್ಬಾ ಬೈತಾರೆ' ಎಂದು ಬರೆದಿದ್ದರು. ಒಬ್ಬ ಹುಡುಗ ಮೊಬೈಲ್ ರೀಚಾರ್ಜ್ ಎಂದು ಬರೆದು, ಕಾರಣದ ಜಾಗದಲ್ಲಿ 'ಪರೀಕ್ಷೆ' ಎಂದು ಬರೆದಿದ್ದ. ಆ ಹುಡುಗಿಯ ಪುಟದಲ್ಲೂ 'ದುಡ್ಡಿರಲಿಲ್ಲ' ಎಂಬ ಸಾಲುಗಳೇ ಹೆಚ್ಚು. ನಡುವೆ ಒಂದು ಸಾಲು ಮಾತ್ರ ಬೇರೆಯಾಗಿತ್ತು. ಐಸ್ ಕ್ಯಾಂಡಿ, 10 ರೂಪಾಯಿ. ಕಾರಣ: 'ದುಡ್ಡಿತ್ತು. ಜೊತೆಯಲ್ಲಿದ್ದವಳ ಹತ್ತಿರ ಇರಲಿಲ್ಲ.'

ಕ್ಯಾಂಡಿ ಎಂಬ ಪದವೂ ನಮ್ಮ ಖಂಡಸಕ್ಕರೆಯಿಂದ ಹೊರಟು, ಪಾರ್ಸಿಯ 'ಕಂದ್' ಆಗಿ ಇಂಗ್ಲಿಷಿಗೆ ಹೋದದ್ದು ಎಂದು ಹೇಳಿ ಅಂದಿನ ಪಾಠ ಮುಗಿಸಿದೆ. ಅವಳ ಸಾಲನ್ನು ತರಗತಿಯಲ್ಲಿ ಓದಲಿಲ್ಲ. ಓದಿದ್ದರೆ ಆ ಜೊತೆಯವಳಿಗೆ ನೋವಾಗುತ್ತಿತ್ತು.

ಆತ್ಮೀಯ ಸದಸ್ಯ ಬಂಧುಗಳೇ, ನಮ್ಮಲ್ಲಿ ಅನೇಕರಿಗೆ ಇಂದು ಕೊಳ್ಳುವ ಶಕ್ತಿ ಬಂದಿದೆ. ಮದುವೆಯ ಮಂಟಪಕ್ಕೆ ಒಂದು ಹೆಚ್ಚಿನ ಅಲಂಕಾರ, ಊಟಕ್ಕೆ ಎರಡು ಹೆಚ್ಚಿನ ಬಗೆ, ವರ್ಷಕ್ಕೊಮ್ಮೆ ಬದಲಾಗುವ ಮೊಬೈಲ್ ಎಲ್ಲವೂ ನಮ್ಮ ಕೈಗೆಟುಕುವ ಸುಖಗಳೇ. ಇವುಗಳನ್ನೆಲ್ಲ ಬಿಡಿ ಎಂದು ನಾನು ಹೇಳುವುದಿಲ್ಲ. ಅಷ್ಟು ದೊಡ್ಡವಳು ನಾನಲ್ಲ. ಒಂದು ತಿಂಗಳ ಮಟ್ಟಿಗೆ ನೀವೂ ನೋಟ್‌ಬುಕ್ಕಿನ ಒಂದು ಪುಟದಲ್ಲಿ ಮೂರು ಕಾಲಂ ಹಾಕಿ ಎಂದಷ್ಟೇ ಕೇಳುತ್ತೇನೆ. ಮೂರನೆಯ ಕಾಲಂನಲ್ಲಿ 'ದುಡ್ಡಿತ್ತು' ಎಂದು ಆರಂಭವಾಗುವ ಸಾಲು ಒಂದಾದರೂ ಬಂದರೆ, ಅದರ ಮುಂದೆ ಏನು ಬರೆದಿರಿ ಎಂದು ಓದಿ ನೋಡಿಕೊಳ್ಳಿ. ಆ ಸಾಲಿನ ಎದುರಿನ ಮೊತ್ತ ಎಷ್ಟೇ ಸಣ್ಣದಿರಲಿ, ಅದನ್ನು ಪಕ್ಕಕ್ಕೆ ತೆಗೆದಿಡಿ. ಜೂನ್ ತಿಂಗಳಲ್ಲಿ ಶಾಲೆ ತೆರೆಯುತ್ತದೆ. ಆಗ ನೋಟ್‌ಬುಕ್ ಕೊಳ್ಳಲು ದುಡ್ಡಿಲ್ಲದ ಮಕ್ಕಳು ನನ್ನ ತರಗತಿಗೂ ಬರುತ್ತಾರೆ, ನಿಮ್ಮ ಊರಿನ ಶಾಲೆಗೂ ಬರುತ್ತಾರೆ.